ಆರು ಮತ್ತು ಏಳರ ನಡುವೆ

ಪುಷ್ಪಲತಾ ಹತ್ತೊಂಬತ್ತು ವರ್ಷದಿಂದ ಅರಸೀಕೆರೆಯಲ್ಲಿ ಕಾರು ಕಲಿಸುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ಹಾರನಹಳ್ಳಿ ರಸ್ತೆ, ಸಂಜೆ ಎಪಿಎಂಸಿ ಹಿಂದಿನ ಬಯಲು. ಅವಳ ಬಿಳಿ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುವಾಗ ಅವಳು ಆ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಎಮ್ಮೆ ಅಡ್ಡ ಬಂದರೆ, ಸ್ಕೂಟರಿನವನು ನುಗ್ಗಿದರೆ, ಕಲಿಯುವವರಿಗೆ ಅದು ಕಾಣುವ ಮೊದಲೇ ಅವಳ ಕಾಲು ಬ್ರೇಕಿನ ಮೇಲಿರುತ್ತಿತ್ತು. ಕೈ ಎತ್ತಿ ಬೈಯದೆ, ಕೂಗದೆ ಕಲಿಸುವ ಮೇಡಂ ಎಂದು ಊರಲ್ಲಿ ಹೆಸರಿತ್ತು. ಮೇಷ್ಟ್ರುಗಳು, ನರ್ಸುಗಳು, ಮದುವೆ ಗೊತ್ತಾದ ಹುಡುಗಿಯರು, ಮೊಮ್ಮಕ್ಕಳಿದ್ದ ಹೆಂಗಸರು ಎಲ್ಲ ಅವಳ ಹತ್ತಿರವೇ ಬರುತ್ತಿದ್ದರು.

ಅವಳ ಒಬ್ಬಳೇ ಮಗಳು ಸಿರಿಗೂ ಹತ್ತೊಂಬತ್ತು. ಪಾಲಿಟೆಕ್ನಿಕ್ಕಿನಲ್ಲಿ ಕೊನೆಯ ವರ್ಷ. ಎರಡು ವರ್ಷದ ಹಿಂದೆ ಕಾಲೇಜಿನವರ ಜೊತೆ ಹಳೇಬೀಡಿಗೆ ಹೋದವಳು ಕಾರ್ಟಿಂಗ್ ಟ್ರ್ಯಾಕ್ ನೋಡಿ ಬಂದಳು. ಅಂದಿನಿಂದ ಅವಳ ಭಾನುವಾರಗಳೆಲ್ಲ ಅಲ್ಲಿಗೇ ಮೀಸಲಾದವು.

ಟ್ರ್ಯಾಕು ಗಂಗಾಧರಯ್ಯನವರದು. ಹಳೇಬೀಡು ದಾಟಿ ಬೇಲೂರು ರಸ್ತೆಯಲ್ಲಿ ಮೊದಲು ಅವರ ಹೆಂಚಿನ ಕಾರ್ಖಾನೆ ಇತ್ತು. ಹೆಂಚು ಕೇಳುವವರಿಲ್ಲದಾದಾಗ ಅವರು ಗೂಡುಗಳನ್ನು ಕೆಡವಿಸಿ, ನೆಲ ಸಮ ಮಾಡಿಸಿ, ಆರುನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಡಾಂಬರು ದಾರಿಯನ್ನು ಹಾವಿನಂತೆ ಸುತ್ತಿಸಿದರು. ಒಟ್ಟು ಒಂಬತ್ತು ತಿರುವುಗಳು. ದೇವಸ್ಥಾನ ನೋಡಿ ಬೇಲೂರಿಗೆ ಹೊರಟ ಪ್ರವಾಸಿಗರು ಅಲ್ಲಿಳಿದು ಬಾಡಿಗೆ ಕಾರ್ಟಿನಲ್ಲಿ ಹತ್ತು ನಿಮಿಷ ಓಡಿಸಿ ನಕ್ಕು ಹೋಗುತ್ತಿದ್ದರು. ಅವರ ನಡುವೆ ನಗದೆ ಓಡಿಸುವ ಹತ್ತು ಹನ್ನೆರಡು ಜನರೂ ಇದ್ದರು. ಅವರ ಕಣ್ಣು ಯಾವಾಗಲೂ ಗೋಡೆಯ ಮೇಲಿನ ಟೈಮಿನ ಬೋರ್ಡಿನ ಮೇಲೆ. ಸಿರಿ ಅವರಲ್ಲೊಬ್ಬಳಾದಳು.

ಕಾರ್ಟಿಗೆ ಗೇರಿಲ್ಲ, ಬಾಗಿಲಿಲ್ಲ. ನೆಲಕ್ಕೆ ನಾಲ್ಕು ಬೆರಳು ಮೇಲೆ ಒಂದು ಸೀಟು, ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರದಷ್ಟು ಎಂಜಿನ್ನು, ಕಾಲಿಗೆ ಎರಡು ಪೆಡಲು. ಬಾಡಿಗೆಯ ಕಾರ್ಟುಗಳಿಗೆ ಶಕ್ತಿ ಕಡಿಮೆ. ತಿರುವಿನಲ್ಲಿ ಒಮ್ಮೆ ವೇಗ ಕಳೆದುಕೊಂಡರೆ ಅದು ಮತ್ತೆ ಸಿಗುವುದಕ್ಕೆ ಮುಂದಿನ ನೇರ ದಾರಿಯೆಲ್ಲ ಬೇಕು. ಹಾಗಾಗಿ ಧೈರ್ಯವಂತ ಗೆಲ್ಲುತ್ತಾನೆ ಎಂದು ಹೊರಗಿನವರು ಅಂದುಕೊಂಡರೂ, ಗೆಲ್ಲುತ್ತಿದ್ದುದು ದಾರಿ ಗೊತ್ತಿದ್ದವನು. ಹದಿನೆಂಟು ಅಡಿ ಅಗಲದ ಡಾಂಬರಿನಲ್ಲಿ ಎಲ್ಲಿ ಒಳಗೆ ಹೋಗಬೇಕು, ಎಲ್ಲಿ ಅಂಚು ಮುಟ್ಟಬೇಕು, ಎಲ್ಲಿ ಹೊರಗೆ ಬಿಡಬೇಕು ಎಂಬ ಒಂದೇ ಒಂದು ಗೆರೆ. ಅದನ್ನು ಅಲ್ಲಿಯವರು ಲೈನ್ ಎನ್ನುತ್ತಿದ್ದರು.

ಅರೇಹಳ್ಳಿಯ ಮೆಕ್ಯಾನಿಕ್ ಅರುಣ್‌ಕುಮಾರ್ ಒಂದು ಸುತ್ತಿಗೆ ನಲವತ್ತು ಪಾಯಿಂಟ್ ಏಳು ಸೆಕೆಂಡು ತೆಗೆದುಕೊಳ್ಳುತ್ತಿದ್ದ. ಸಿರಿ ನಲವತ್ತೆರಡರಲ್ಲಿ ಸಿಕ್ಕಿಕೊಂಡು ಆರು ತಿಂಗಳಾಗಿತ್ತು.

ಪುಷ್ಪಲತಾ ಪ್ರತಿ ಭಾನುವಾರ ಮಗಳ ಜೊತೆ ಜಾವಗಲ್ ಮೇಲೆ ಅಲ್ಲಿಗೆ ಬಂದು ಬೇಲಿಯ ಹೊರಗೆ ನಿಲ್ಲುತ್ತಿದ್ದಳು. ಒಂದು ದಿನ ತಡೆಯಲಾರದೆ, ನೀನು ತಿರುವಿನ ಒಳಗೆ ಹೋದಮೇಲೂ ಬ್ರೇಕ್ ಹಿಡಿದೇ ಇರುತ್ತೀಯ, ಅದಕ್ಕೇ ಹಿಂದಿನ ಚಕ್ರ ಜಾರುತ್ತದೆ ಎಂದಳು. ಹೆಲ್ಮೆಟ್ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ ಸಿರಿಗೆ ರೇಗಿತು.

“ಬೇಲಿ ಹೊರಗೆ ನಿಂತು ಹೇಳೋದು ಸುಲಭ ಕಣಮ್ಮ. ನೀನೇ ಕೂತು ನೋಡು.”

ಪುಷ್ಪಲತಾ ಕೂತಳು. ಮೊದಲ ಸುತ್ತಿಗೆ ಐವತ್ತೆರಡು ಸೆಕೆಂಡಾಯಿತು. ಅವಳಿಗೆ ಬೋರ್ಡಿನ ಕಡೆ ಗಮನವಿರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದೆ, ಯಾರ ತಪ್ಪನ್ನೂ ಕಾಯದೆ ತಾನೊಬ್ಬಳೇ ಒಂದು ವಾಹನ ನಡೆಸಿ ಎಷ್ಟು ಕಾಲವಾಗಿತ್ತೆಂದು ಅವಳಿಗೇ ನೆನಪಿರಲಿಲ್ಲ. ಕೈಗೆ ಬಂದ ಪ್ರತಿ ನಡುಕವೂ ಅವಳಿಗೆ ಏನನ್ನೋ ಹೇಳುತ್ತಿತ್ತು. ಹತ್ತು ನಿಮಿಷ ಮುಗಿದಾಗ ನಲವತ್ತಾರಕ್ಕೆ ಬಂದಿದ್ದಳು. ಇಳಿದವಳು ಇನ್ನೊಂದು ಸಲ ಕೂರುತ್ತೇನೆ ಅಂದಳು.

ಅದಾದ ಮೇಲಿನ ಮೂರು ತಿಂಗಳು ತಾಯಿ ಮಗಳಿಬ್ಬರಿಗೂ ಒಳ್ಳೆಯ ಕಾಲ. ಊಟವಾದ ಮೇಲೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಟ್ರ್ಯಾಕ್ ಬರೆದು ಒಂದೊಂದೇ ತಿರುವಿನ ಬಗ್ಗೆ ವಾದಿಸುತ್ತಿದ್ದರು. ಸಿರಿಗೆ ಮೊಬೈಲಿನಲ್ಲಿ ನೋಡಿದ ಪಾಠವೆಲ್ಲ ಗೊತ್ತಿತ್ತು. ಪುಷ್ಪಲತಾಳ ಕೈಕಾಲಿಗೆ ಗೊತ್ತಿತ್ತು. ನೇರವಿರುವಾಗಲೇ ಬ್ರೇಕ್ ಮುಗಿಸು, ಆಮೇಲೆ ತಿರುಗಿಸು. ಒಳಗಿನ ಅಂಚು ಮುಟ್ಟಲು ಆತುರಪಡಬೇಡ, ಅದು ತಿರುವಿನ ಕೊನೆಯಲ್ಲಿ ಸಿಕ್ಕರೆ ಸಾಕು, ಆಗ ಹೊರಗೆ ಬರುವ ದಾರಿ ನೇರವಾಗುತ್ತದೆ ಎಂದು ತಾಯಿ ಹೇಳಿದಳು. ಮಗಳು ಅದನ್ನು ಮುಂದಿನ ಭಾನುವಾರ ಮಾಡಿ ತೋರಿಸಿದಳು. ಸಿರಿ ನಲವತ್ತೊಂದೂವರೆಗೆ ಇಳಿದಳು. ಪುಷ್ಪಲತಾ ಅವಳ ಹಿಂದೆಯೇ ನಲವತ್ತೊಂದು ಪಾಯಿಂಟ್ ಆರಕ್ಕೆ ಬಂದು ನಿಂತಳು. ಮಗಳು ತನಗಿಂತ ಕೂದಲೆಳೆಯಷ್ಟು ಮುಂದಿದ್ದುದು ಆಗ ಅವಳಿಗೆ ಸಂತೋಷವನ್ನೇ ಕೊಟ್ಟಿತ್ತು.

ಡಿಸೆಂಬರಿನಲ್ಲಿ ಗಂಗಾಧರಯ್ಯನವರು ಬೋರ್ಡಿನ ಪಕ್ಕ ಒಂದು ಹಾಳೆ ಅಂಟಿಸಿದರು. ಬಾಡಿಗೆ ಕಾರ್ಟುಗಳ ರಾಜ್ಯಮಟ್ಟದ ಸ್ಪರ್ಧೆ ಏಪ್ರಿಲ್ಲಿನಲ್ಲಿ ಮೈಸೂರಿನ ಹತ್ತಿರ. ಹಳೇಬೀಡಿನ ಟ್ರ್ಯಾಕಿನಿಂದ ಒಬ್ಬ ಗಂಡಸು, ಒಬ್ಬ ಹೆಂಗಸು. ಆಯ್ಕೆ ಫೆಬ್ರವರಿಯ ಕೊನೆಯ ಭಾನುವಾರ. ಹತ್ತು ಕಾರ್ಟು, ಹದಿನೈದು ಸುತ್ತು, ಗಂಡಸರು ಹೆಂಗಸರು ಒಟ್ಟಿಗೆ. ಗಂಡಸರಲ್ಲಿ ಅರುಣ್‌ಕುಮಾರನೇ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರಲ್ಲಿ ಸಿರಿಯೇ ಎಂದು ಸಿರಿಗೆ ಗೊತ್ತಿತ್ತು. ಅವಳು ಹೆಸರು ಬರೆದು ಪೆನ್ನು ಮುಚ್ಚುವ ಹೊತ್ತಿಗೆ ಪುಷ್ಪಲತಾ ಕೈ ಚಾಚಿ ಪೆನ್ನು ಕೇಳಿದಳು.

“ನೀನೂನಾ?” ಎಂದಳು ಸಿರಿ.

“ಹೂಂ, ನಾನೂನೂ.”

ವಾಪಸು ಹೋಗುವಾಗ ಜಾವಗಲ್ ದಾಟಿದ ಮೇಲೆ ಸಿರಿಯೇ, ಒಳ್ಳೇದೇ ಆಯ್ತು ಬಿಡು, ಇಬ್ಬರೂ ಓಡಿಸೋಣ ಎಂದು ನಕ್ಕಳು. ಆದರೆ ಕ್ಯಾಲೆಂಡರ್ ಹಾಳೆ ಮತ್ತೆ ಊಟದ ಮೇಜಿಗೆ ಬರಲಿಲ್ಲ.

ಟ್ರ್ಯಾಕಿನಲ್ಲಿ ಎಲ್ಲರನ್ನೂ ಕಾಡಿದ ಜಾಗವೊಂದಿತ್ತು. ಆರನೇ ತಿರುವು ಎಡಕ್ಕೆ, ಅದಕ್ಕೆ ಅಂಟಿಕೊಂಡಂತೆ ಏಳನೆಯದು ಬಲಕ್ಕೆ, ಏಳು ದಾಟಿದರೆ ಇಡೀ ಟ್ರ್ಯಾಕಿನ ಅತಿ ಉದ್ದದ ನೇರ ದಾರಿ. ಆರನ್ನು ವೇಗವಾಗಿ ತೆಗೆದುಕೊಂಡವನು ತಾನಾಗಿಯೇ ಬಲಗಡೆಯ ಅಂಚಿಗೆ ಎಸೆಯಲ್ಪಡುತ್ತಿದ್ದ. ಏಳಕ್ಕೆ ಚೆನ್ನಾಗಿ ಹೋಗಬೇಕಾದರೆ ಎಡಗಡೆ ಇರಬೇಕು. ಆದ್ದರಿಂದ ಏಳರಲ್ಲಿ ಎಲ್ಲರೂ ಕಾರ್ಟನ್ನು ಬಲವಂತವಾಗಿ ತಿರುಗಿಸಿ, ಹಿಂದಿನ ಚಕ್ರ ಜಾರಿಸಿ, ಸತ್ತ ವೇಗದಲ್ಲಿ ನೇರ ದಾರಿಗೆ ಬರುತ್ತಿದ್ದರು. ಆರರಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಎಡಗಡೆಯೇ ಉಳಿದರೆ ಏಳು ಸಲೀಸು ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಆ ಎಡಗಡೆ ಪಕ್ಕದ ಹೊಲದಿಂದ ಹಾರಿಬಂದ ಕೆಂಪು ಧೂಳು ಸದಾ ಕೂತಿರುತ್ತಿತ್ತು. ಅಲ್ಲಿ ಚಕ್ರವಿಟ್ಟು ಗಿರಕಿ ಹೊಡೆದವರನ್ನು ಎಲ್ಲರೂ ನೋಡಿದ್ದರು. ಅರುಣ್‌ಕುಮಾರ್ ಕೂಡ ಅತ್ತ ಹೋಗುತ್ತಿರಲಿಲ್ಲ.

ಜನವರಿ ಕೊನೆಯ ಒಂದು ಮಂಗಳವಾರ ಬೆಳಗಿನ ಪಾಠದವರು ಇಬ್ಬರೂ ಬರುವುದಿಲ್ಲವೆಂದು ಫೋನ್ ಮಾಡಿದರು. ಸಿರಿ ಕಾಲೇಜಿಗೆ ಹೋಗಿದ್ದಳು. ಪುಷ್ಪಲತಾ ಯಾಕೆಂದು ಯೋಚಿಸದೆ ಹಳೇಬೀಡಿನ ಕಡೆ ಕಾರು ತಿರುಗಿಸಿದಳು. ಟ್ರ್ಯಾಕಿನಲ್ಲಿ ಯಾರೂ ಇರಲಿಲ್ಲ. ಕಾರ್ಟುಗಳಿಗೆ ಪೆಟ್ರೋಲ್ ತುಂಬಿಸುವವರೆಗೆ ಕಾಯಿರಿ ಎಂದು ಗಂಗಾಧರಯ್ಯನವರು ಹೇಳಿದ್ದರಿಂದ ಅವಳು ಟ್ರ್ಯಾಕಿನ ಮೇಲೆ ನಡೆಯತೊಡಗಿದಳು. ಹೊಸ ರಸ್ತೆಯಲ್ಲಿ ಪಾಠ ಮಾಡುವ ಮೊದಲು ಇಳಿದು ನಡೆದು ನೋಡುವುದು ಅವಳ ಅಭ್ಯಾಸ.

ಆರು ಮತ್ತು ಏಳರ ನಡುವೆ ಎಡಗಡೆ ಅಂಚಿನಲ್ಲಿ ಚಪ್ಪಲಿಯ ಕೆಳಗೆ ನೆಲ ಬೇರೆ ಥರ ಅನ್ನಿಸಿತು. ಕೂತು ಕೈಯಿಂದ ಧೂಳು ಸರಿಸಿದಳು. ಕೆಳಗೆ ಹಳೆಯ ನುಣುಪು ಡಾಂಬರು ಇರಲಿಲ್ಲ. ದೀಪಾವಳಿಯ ಸಮಯದಲ್ಲಿ ನೀರಿನ ಪೈಪು ಒಡೆದಾಗ ನೆಲ ಅಗೆದು ಮುಚ್ಚಿ ಹಾಕಿದ್ದ ತೇಪೆ ಅದು. ಹನ್ನೆರಡು ಹೆಜ್ಜೆ ಉದ್ದ, ಕಾರ್ಟಿನಷ್ಟು ಅಗಲ. ಹೊಸ ಜಲ್ಲಿ ಅಂಗೈಗೆ ಚುಚ್ಚುವಷ್ಟು ಒರಟಾಗಿತ್ತು. ಮೇಲಿನ ಧೂಳು ಹೋದರೆ ಇಡೀ ಟ್ರ್ಯಾಕಿನಲ್ಲಿ ಚಕ್ರ ಇಷ್ಟು ಗಟ್ಟಿಯಾಗಿ ಹಿಡಿಯುವ ಜಾಗ ಇನ್ನೊಂದಿರಲಿಲ್ಲ.

ಮೊದಲ ಸಲ ಅಲ್ಲಿ ಹೋದಾಗ ಕಾರ್ಟು ಅಡ್ಡಕ್ಕೆ ಜಾರಿತು. ಎರಡನೇ ಸಲ ಕಡಿಮೆ ಜಾರಿತು. ಮೂರನೇ ಸುತ್ತಿಗೆ ಚಕ್ರಗಳು ಧೂಳು ಗುಡಿಸಿ ಹಾಕಿದ್ದವು. ತೇಪೆಯ ಮೇಲೆ ಕಾರ್ಟು ಹಳಿಗೆ ಕೂತಂತೆ ಕೂತಿತು. ಏಳರಲ್ಲಿ ಅವಳು ಪೂರ್ತಿ ಆಕ್ಸಿಲರೇಟರ್ ಒತ್ತಿ ನೇರ ದಾರಿಗೆ ಬಂದಳು. ಎಂಜಿನ್ನಿನ ಸದ್ದು ಎಂದೂ ಕೇಳದಷ್ಟು ಬೇಗ ಮೇಲೇರಿತು. ಬೋರ್ಡಿನಲ್ಲಿ ನಲವತ್ತು ಪಾಯಿಂಟ್ ಒಂಬತ್ತು ಸೆಕೆಂಡು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿರಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸುತ್ತಿದ್ದಳು. ಊಟಕ್ಕೆ ಕೂತಾಗ ಸಿರಿ ತನ್ನ ಪರೀಕ್ಷೆಯ ವಿಷಯ ಹೇಳಿದಳು. ಗಂಡ ಶಶಿಕಿರಣ್ ಅಂಗಡಿಯ ವಿಷಯ ಹೇಳಿದ. ಪುಷ್ಪಲತಾ ಸಾರು ಬಡಿಸಿದಳು. ತನಗೆ ಗೊತ್ತಿದ್ದನ್ನೆಲ್ಲ ಇನ್ನೊಬ್ಬರ ಕೈಗೆ ಕೊಡುವುದೇ ಅವಳ ಹತ್ತೊಂಬತ್ತು ವರ್ಷದ ಕೆಲಸ. ಇದೊಂದು ನನ್ನ ಹತ್ತಿರವೇ ಇರಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾಗಿಯೂ ಹೇಳಲಿಲ್ಲ.

ನಂತರದ ಭಾನುವಾರಗಳಲ್ಲಿ ಅವಳು ಎಲ್ಲರ ಹಾಗೆಯೇ ಬಲಗಡೆಯಿಂದ ಓಡಿಸಿದಳು. ಮಂಗಳವಾರ, ಗುರುವಾರ ಪಾಠಗಳನ್ನು ಹಿಂದೆ ಮುಂದೆ ಮಾಡಿ ಒಬ್ಬಳೇ ಬಂದು ತೇಪೆಯ ಮೇಲೆ ಓಡಿಸಿ ಹೋದಳು. ಎರಡು ದಿನಕ್ಕೆ ಹೊಲದ ಧೂಳು ಮತ್ತೆ ಅದನ್ನು ಮುಚ್ಚುತ್ತಿತ್ತು. ಯಾರಿಗೂ ಗುರುತು ಸಿಗಲಿಲ್ಲ. ಆದರೆ ಗಂಗಾಧರಯ್ಯನವರು ಒಂದು ಭಾನುವಾರ ಮಾತಿಗೆ ಮಾತು ಬಂದು, ಮೇಡಮ್ಮೋರು ಈ ವಾರ ನಲವತ್ತು ಪಾಯಿಂಟ್ ಒಂಬತ್ತು ಹೊಡೆದಿದ್ದಾರೆ ಎಂದು ಸಿರಿಯ ಮುಂದೆ ಹೇಳಿಬಿಟ್ಟರು.

ಸಿರಿ ಕಾರಿನಲ್ಲಿ ಕೂತ ಮೇಲೆ ಕೇಳಿದಳು.

“ಆರು ಏಳರಲ್ಲಿ ಏನ್ ಮಾಡ್ತಿದೀಯಮ್ಮ?”

“ಏನಿಲ್ಲ. ಎಲ್ರೂ ಹೋದಂಗೆ ಹೋಗ್ತೀನಿ. ಅವತ್ತು ಒಳ್ಳೆ ಕಾರ್ಟ್ ಸಿಕ್ತು ಅಷ್ಟೆ.”

ಸಿರಿ ಹೌದೇನೋ ಎಂಬಂತೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಅವಳು ನಂಬಿದ್ದೇ ಪುಷ್ಪಲತಾಗೆ ಎಲ್ಲಕ್ಕಿಂತ ಕಷ್ಟವಾಯಿತು.

ಆಯ್ಕೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹೊರಗಿನಿಂದ ಒಬ್ಬರು ತೀರ್ಪುಗಾರರು ಬಂದಿದ್ದರು. ಎಲ್ಲರನ್ನೂ ತೂಕ ಹಾಕಿ, ಹಗುರವಾಗಿದ್ದವರ ಸೀಟಿಗೆ ಸೀಸದ ಬಿಲ್ಲೆಗಳನ್ನು ಸೇರಿಸಿದರು. ಸಿರಿಗೆ ನಾಲ್ಕು ಬಿಲ್ಲೆ ಬಿತ್ತು. ಯಾರಿಗೆ ಯಾವ ಕಾರ್ಟು ಎಂದು ಚೀಟಿ ಎತ್ತಿಸಿದರು. ಸಿರಿಗೆ ಕಿತ್ತಳೆ ಬಣ್ಣದ ಒಂಬತ್ತನೇ ನಂಬರು, ಪುಷ್ಪಲತಾಗೆ ನಾಲ್ಕು. ಎರಡೂ ಒಂದೇ ಮಟ್ಟದವು. ಸಾಲು ನಿಲ್ಲುವ ಕ್ರಮಕ್ಕೆ ಟೈಮ್ ತೆಗೆದುಕೊಂಡಾಗ ಪುಷ್ಪಲತಾ ತೇಪೆಯ ಕಡೆ ಹೋಗಲಿಲ್ಲ. ಸಿರಿ ಮೂರನೆಯ ಜಾಗದಲ್ಲಿ ನಿಂತಳು, ಅವಳು ಐದನೆಯದರಲ್ಲಿ. ಹಾಸನದಿಂದ ಬಂದಿದ್ದ ದಿವ್ಯಾ ಎಂಬ ಇನ್ನೊಬ್ಬ ಹೆಂಗಸು ಎಂಟನೆಯವಳು.

ಬಾವುಟ ಬಿದ್ದಾಗ ಹತ್ತು ಎಂಜಿನ್ನುಗಳೂ ಒಟ್ಟಿಗೆ ಕಿರುಚಿದವು. ಮೊದಲ ತಿರುವಿನಲ್ಲಿ ಯಾರೋ ಪುಷ್ಪಲತಾಳ ಹಿಂದಿನ ಬಂಪರಿಗೆ ತಾಗಿಸಿದರು. ಅವಳು ಹಲ್ಲು ಕಚ್ಚಿ ನೇರ ಹಿಡಿದಳು. ಆರು ಬಂತು. ಮುಂದಿದ್ದ ನಾಲ್ವರೂ ಬಲಕ್ಕೆ ಹಾರಿಹೋದರು. ಅವಳು ಒಂದು ಉಸಿರಿನಷ್ಟು ಮೊದಲೇ ಬ್ರೇಕ್ ಒತ್ತಿ ಎಡಕ್ಕೆ ಅಂಟಿಕೊಂಡಳು. ಧೂಳಿನ ಮೇಲೆ ಕಾರ್ಟಿನ ಹಿಂಭಾಗ ಅಡ್ಡಡ್ಡ ಹೋಯಿತು, ಹಿಂದಿದ್ದವನೊಬ್ಬ ಅವಳನ್ನು ದಾಟಿಕೊಂಡ. ಆರನೆಯ ಜಾಗ. ಎರಡನೇ ಸುತ್ತಿನಲ್ಲೂ ಜಾರಿತು, ಆದರೆ ಕಡಿಮೆ. ಮೂರನೇ ಸುತ್ತಿನಲ್ಲಿ ಜಲ್ಲಿ ಚಕ್ರವನ್ನು ಹಿಡಿಯಿತು.

ಅಲ್ಲಿಂದ ಅವಳು ಪ್ರತಿ ಸುತ್ತಿಗೂ ನೇರ ದಾರಿಯಲ್ಲಿ ಮುಂದಿನವರನ್ನು ನುಂಗುತ್ತ ಬಂದಳು. ನಾಲ್ಕನೇ ಸುತ್ತಿನಲ್ಲಿ ಒಬ್ಬ, ಆರನೆಯದರಲ್ಲಿ ಇನ್ನೊಬ್ಬ. ಅರುಣ್‌ಕುಮಾರ್ ಮತ್ತು ಇನ್ನೊಬ್ಬ ದೂರ ಮುಂದಿದ್ದರು, ಅವರ ಯೋಚನೆ ಅವಳಿಗಿರಲಿಲ್ಲ. ಕಣ್ಣ ಮುಂದೆ ಇದ್ದುದು ಕಿತ್ತಳೆ ಬಣ್ಣದ ಒಂಬತ್ತು. ಸಿರಿ ಚೆನ್ನಾಗಿ ಓಡಿಸುತ್ತಿದ್ದಳು. ನೇರವಿರುವಾಗಲೇ ಬ್ರೇಕ್ ಮುಗಿಸುತ್ತಿದ್ದಳು, ಆತುರವಿಲ್ಲದೆ ಅಂಚು ಮುಟ್ಟುತ್ತಿದ್ದಳು. ತಾನು ಕಲಿಸಿದ್ದನ್ನೆಲ್ಲ ಎದುರಿಗೇ ನೋಡುತ್ತ ಪುಷ್ಪಲತಾ ಅವಳ ಹಿಂದೆ ಎರಡು ಸುತ್ತು ಹೋದಳು. ಎಂಟನೇ ಸುತ್ತಿನಲ್ಲಿ ಏಳರಿಂದ ಹೊರಬಂದಾಗ ಅವಳ ಕಾರ್ಟು ಸಿರಿಯದಕ್ಕಿಂತ ಅಷ್ಟು ವೇಗವಾಗಿತ್ತೆಂದರೆ ಬಲಗಡೆಗೆ ಹಾಯಿಸಿ ಸುಮ್ಮನೆ ದಾಟಿಹೋದಳು. ದಾಟುವಾಗ ಸಿರಿಯ ಹೆಲ್ಮೆಟ್ ಚಕ್ಕನೆ ಅವಳ ಕಡೆ ತಿರುಗಿದ್ದು ಕಂಡಿತು.

ಮುಂದಿನ ಸುತ್ತಿನಲ್ಲಿ ಆರು ದಾಟಿ ಎಡಕ್ಕೆ ಉಳಿದಾಗ ಅವಳಿಗೆ ಬೆನ್ನು ಉರಿದಂತಾಯಿತು. ಹಿಂದೆ ಇರುವವಳಿಗೆ ಈಗ ಎಲ್ಲ ಕಾಣುತ್ತಿದೆ. ಇದು ಎಲ್ಲಿಂದ ಬಂತು, ಎಷ್ಟು ದಿನದಿಂದ ಇತ್ತು ಎಂಬುದೂ ಅವಳಿಗೆ ಗೊತ್ತಾಗುತ್ತಿದೆ. ಹನ್ನೊಂದನೇ ಸುತ್ತಿನಲ್ಲಿ ಹಿಂದಿನಿಂದ ಬರುವ ಎಂಜಿನ್ನಿನ ಸದ್ದು ಏಳರಲ್ಲಿ ಕುಸಿಯಲಿಲ್ಲ. ಸಿರಿಯೂ ತೇಪೆಯ ಮೇಲೆ ಬಂದಿದ್ದಳು. ಹದಿಮೂರರ ಹೊತ್ತಿಗೆ ಆ ಸದ್ದು ಕಿವಿಯ ಹಿಂದೆಯೇ ಇತ್ತು. ಹದಿನಾಲ್ಕು ಮುಗಿಸಿ ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಕಾರ್ಟಿನ ಉದ್ದವೂ ಇರಲಿಲ್ಲ.

ಕೊನೆಯ ಸುತ್ತು. ಪುಷ್ಪಲತಾ ಪ್ರತಿ ತಿರುವಿನಲ್ಲೂ ಸಿರಿ ನುಗ್ಗಬಹುದಾದ ಜಾಗ ಮುಚ್ಚಿದಳು. ಆರು ಹತ್ತಿರವಾಯಿತು. ಅವಳ ಲೈನಿನ ದೌರ್ಬಲ್ಯ ಇದ್ದುದು ಅಲ್ಲೇ. ಆರಕ್ಕೆ ಅವಳು ನಿಧಾನ ಮಾಡಬೇಕು, ಬಲಗಡೆಯಿಂದ ಬರಬೇಕು. ಆ ಒಂದು ಕ್ಷಣ ಎಡಗಡೆ ತೆರೆದಿರುತ್ತದೆ. ಅವಳು ಬ್ರೇಕ್ ಒತ್ತಿದಳು. ಎಡಗಣ್ಣಿನ ಅಂಚಿನಲ್ಲಿ ಕಿತ್ತಳೆ ಬಣ್ಣ ಬಂತು.

ಸಿರಿ ಒಳಗೆ ನುಗ್ಗಿದ್ದಳು. ಅವಳ ಮುಂದಿನ ಚಕ್ರ ಪುಷ್ಪಲತಾಳ ಸೊಂಟದ ನೇರಕ್ಕೆ ಬಂದಾಗಿತ್ತು. ಅಷ್ಟು ಬಂದಮೇಲೆ ಜಾಗ ಬಿಡಬೇಕು ಎಂಬುದು ನಿಯಮ. ಪುಷ್ಪಲತಾಗೆ ಅದು ಗೊತ್ತಿತ್ತು. ರಸ್ತೆಯಲ್ಲಿ ಯಾವುದು ಅಡ್ಡ ಬಂದರೂ ಮನಸ್ಸಿಗಿಂತ ಮೊದಲು ಬ್ರೇಕಿಗೆ ಹೋಗುವ ಕಾಲು ಅಂದು ಹೋಗಲಿಲ್ಲ. ಅವಳು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಳು.

ತಾಗಿದ ಸದ್ದು ದೊಡ್ಡದೇನೂ ಆಗಿರಲಿಲ್ಲ. ಕಿತ್ತಳೆ ಕಾರ್ಟು ಅಂಚಿನ ದಿಂಡಿನ ಮೇಲೆ ಹಾರಿ, ಅಡ್ಡ ತಿರುಗಿ, ಟೈರುಗಳ ಗೋಡೆಗೆ ಹೋಗಿ ಬಡಿಯಿತು. ಪುಷ್ಪಲತಾ ತಿರುಗಿ ನೋಡುವಷ್ಟರಲ್ಲಿ ಏಳು ದಾಟಿ ನೇರ ದಾರಿಗೆ ಬಂದಿದ್ದಳು. ಬೇಲಿಯಾಚೆ ಜನ ಎದ್ದು ನಿಂತಿದ್ದರು. ಕೆಂಪು ಬಾವುಟಗಳು ಒಂದೊಂದಾಗಿ ಮೇಲೆದ್ದವು. ರೇಸು ನಿಂತಿತು. ಅವಳು ಕಾರ್ಟನ್ನು ಅಲ್ಲೇ ಬಿಟ್ಟು ಹೆಲ್ಮೆಟ್ ಹಾಕಿಕೊಂಡೇ ಟ್ರ್ಯಾಕಿಗೆ ಅಡ್ಡವಾಗಿ ಓಡಿದಳು.

ಸಿರಿ ಟೈರುಗಳಿಗೆ ಒರಗಿ ಕೂತಿದ್ದಳು. ಮುಖ ಸುಣ್ಣದಂತಾಗಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಸ್ಟೇರಿಂಗ್ ರಪ್ಪನೆ ತಿರುಗಿ ಮಣಿಕಟ್ಟಿಗೆ ಹೊಡೆದಿತ್ತು. ತಲೆಗೆ ಏನೂ ಆಗಿಲ್ಲ, ಕಾಲುಗಳು ಆಡುತ್ತಿವೆ ಎಂದು ಪ್ರಥಮ ಚಿಕಿತ್ಸೆಯವರು ಹೇಳಿದರು. ಪುಷ್ಪಲತಾ ಮಂಡಿಯೂರಿ ಕೂತು ಮಗಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೋದಳು. ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಅರುಣ್‌ಕುಮಾರ್ ಬಂದು ಬಿಚ್ಚಿದ.

ತೀರ್ಪುಗಾರರು ಮೊದಲು ಸಿರಿಯನ್ನೇ ಕೇಳಿದರು. ಆ ಮೂಲೆಯಲ್ಲಿ ಕ್ಯಾಮೆರಾ ಇರಲಿಲ್ಲ. ಬಾವುಟದವನು ಅರುಣ್‌ಕುಮಾರ್ ಗೆರೆಯತ್ತ ಬರುವುದನ್ನು ನೋಡುತ್ತಿದ್ದ. ನಡೆದದ್ದನ್ನು ನೋಡಿದವರು ತಾಯಿ ಮಗಳಿಬ್ಬರೇ.

ಸಿರಿ ತಾಯಿಯ ಕಡೆ ನೋಡಲಿಲ್ಲ. “ನಾನು ತಡವಾಗಿ ನುಗ್ಗಿದೆ ಸರ್,” ಎಂದಳು. “ಅಮ್ಮನಿಗೆ ಕಂಡಿರಲಿಕ್ಕಿಲ್ಲ.”

ತೀರ್ಪುಗಾರರು ಬರೆದುಕೊಂಡರು. ಹಾಗಾದರೆ ಯಾರ ತಪ್ಪೂ ಅಲ್ಲ, ರೇಸು ಮಧ್ಯದಲ್ಲಿ ನಿಂತರೆ ಹಿಂದಿನ ಸುತ್ತಿನ ಕ್ರಮವೇ ಲೆಕ್ಕ, ಹೆಂಗಸರಲ್ಲಿ ಪುಷ್ಪಲತಾ ಮೊದಲು ಎಂದು ಗಂಗಾಧರಯ್ಯನವರಿಗೆ ಹೇಳಿದರು. ಆದರೂ ನಿಯಮದಂತೆ ಕೇಳಲೇಬೇಕು ಎಂದು ಅವಳ ಕಡೆ ತಿರುಗಿದರು.

“ನಿಮಗೆ ಆ ಕಾರ್ಟು ಕಾಣಿಸ್ತಾ ಮೇಡಂ?”

ಗಂಗಾಧರಯ್ಯನವರು, ಅರುಣ್‌ಕುಮಾರ್, ಬ್ಯಾಂಡೇಜು ಹಿಡಿದು ನಿಂತಿದ್ದವರು, ಎಲ್ಲರೂ ಉತ್ತರ ಗೊತ್ತಿದ್ದವರ ಹಾಗೆ ಅವಳನ್ನು ನೋಡುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಸಿರಿ ಆಗಲೇ ಅವಳ ಪರವಾಗಿ ಹೇಳಿ ಮುಗಿಸಿದ್ದಳು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಕಾಣಿಸ್ತು,” ಎಂದಳು. “ಅರ್ಧಕ್ಕೆ ಬಂದಿದ್ಲು. ನೋಡಿಯೇ ತಿರುಗಿಸ್ದೆ.”

ತೀರ್ಪುಗಾರರು ಬರೆದಿದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಅವಳನ್ನು ಫಲಿತಾಂಶದಿಂದ ತೆಗೆದುಹಾಕಿದರು. ಆರು ತಿಂಗಳು ಯಾವ ಸ್ಪರ್ಧೆಗೂ ಬರುವಂತಿಲ್ಲ ಎಂದರು. ಹೆಂಗಸರ ಜಾಗ ಸಿರಿಗೆ ಹೋಯಿತು. ಸಿರಿ ಆಗ ಮೊದಲ ಸಲ ತಾಯಿಯ ಮುಖ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಪುಷ್ಪಲತಾಗೆ ತಿಳಿಯಲಿಲ್ಲ.

ಬೇಲೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ನಾಲ್ಕು ವಾರ ಪ್ಲಾಸ್ಟರ್. ಅರಸೀಕೆರೆಯಿಂದ ಶಶಿಕಿರಣ್ ಹೊರಟಿದ್ದೇನೆಂದು ಫೋನ್ ಮಾಡಿದ. ಪ್ಲಾಸ್ಟರ್ ಒಣಗಲೆಂದು ಸಿರಿಯನ್ನು ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಕೂತ ಪುಷ್ಪಲತಾ ಕ್ಷಮಿಸು ಎನ್ನಲು ಬಾಯಿ ತೆರೆದಳು. ಸಿರಿ ತಡೆದಳು.

“ಗುದ್ದಿದ್ದು ಬಿಡು. ನಿನ್ನ ಜಾಗದಲ್ಲಿ ನಾನಿದ್ರೂ ಗುದ್ದುತಿದ್ನೇನೋ. ಅವತ್ತು ಕಾರಲ್ಲಿ ಕೇಳಿದ್ನಲ್ಲ, ಏನಿಲ್ಲ ಅಂದೆ. ಅದು ಯಾಕಮ್ಮ?”

“ನಂದು ಅಂತ ಒಂದು ಇರ್ಲಿ ಅನ್ನಿಸ್ತು ಕಣೇ,” ಎಂದಳು ಪುಷ್ಪಲತಾ. “ನಿನಗೆ ಹೇಳಿದ್ರೆ ನೀನು ನನಗಿಂತ ಚೆನ್ನಾಗಿ ಮಾಡ್ತೀಯ ಅಂತ ಗೊತ್ತಿತ್ತು.”

ಸಿರಿಗೆ ಅಳು ಬಂತು. ನೋವಿಗೋ ಮಾತಿಗೋ ಗೊತ್ತಾಗಲಿಲ್ಲ. ತಾಯಿ ಹತ್ತಿರ ಸರಿದಾಗ ಅವಳು ದೂರ ಸರಿಯಲಿಲ್ಲ, ಒರಗಿಕೊಳ್ಳಲೂ ಇಲ್ಲ.

ಮನೆಯಲ್ಲಿ ಹತ್ತು ದಿನ ಬೇಕಾದಷ್ಟೇ ಮಾತು ನಡೆಯಿತು. ಪುಷ್ಪಲತಾ ಮಗಳ ಜಡೆ ಹೆಣೆದಳು, ಪುಸ್ತಕದ ಚೀಲ ಹೊತ್ತು ಕಾಲೇಜಿನ ಗೇಟಿಗೆ ಬಿಟ್ಟಳು, ಸುಮ್ಮನೆ ವಾಪಸು ಬಂದಳು. ಹಳೇಬೀಡಿನ ಕಡೆ ಹೋಗಲಿಲ್ಲ. ಹನ್ನೊಂದನೆಯ ದಿನ ಸಂಜೆ ಸಿರಿ ಮೊಬೈಲ್ ತಂದು ಅವಳ ಮುಂದೆ ಇಟ್ಟಳು. ಮೈಸೂರಿನ ಟ್ರ್ಯಾಕಿನ ನಕ್ಷೆ. ಹದಿಮೂರು ತಿರುವು. ಮೊದಲು ನಾನು ಏನು ತಿಳಿದುಕೊಂಡಿದ್ದೇನೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದಳು. ಪುಷ್ಪಲತಾ ಬಾಯಿ ಹಾಕಲಿಲ್ಲ. ಮಗಳು ನಿಲ್ಲಿಸಿದ ಮೇಲೆ ನಾಲ್ಕನೆಯ ತಿರುವಿನ ಬಗ್ಗೆ ಒಂದು, ಹತ್ತರ ಬಗ್ಗೆ ಒಂದು ಮಾತು ಹೇಳಿದಳು. ನಾಲ್ಕರ ಮಾತನ್ನು ಸಿರಿ ಒಪ್ಪಲಿಲ್ಲ.

ಪ್ಲಾಸ್ಟರ್ ಬಿಚ್ಚಿ ಮೂರು ವಾರಕ್ಕೆ ಮೈಸೂರಿನ ಸ್ಪರ್ಧೆ ಬಂತು. ಅವರಿಬ್ಬರೂ ಹಿಂದಿನ ದಿನವೇ ಹೋಗಿ, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಟ್ರ್ಯಾಕಿನ ಮೇಲೆ ಕೊನೆಯಿಂದ ಕೊನೆಗೆ ನಡೆದರು. ನಾಲ್ಕನೆಯ ತಿರುವಿನಲ್ಲಿ ಸಿರಿ ಹೇಳಿದ್ದೇ ಸರಿ ಇತ್ತು. ಪುಷ್ಪಲತಾ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡಳು. ಆ ದಿನ ಸಿರಿ ಇಪ್ಪತ್ತೆರಡು ಜನರಲ್ಲಿ ಏಳನೆಯವಳಾಗಿ ಬಂದಳು. ಕೈ ಇನ್ನೂ ಗಟ್ಟಿಯಾಗಿದ್ದರೆ ಐದರೊಳಗೆ ಬರುತ್ತಿದ್ದೆ ಎಂದಳು. ತಾಯಿಯ ಮುಖ ಬಾಡಿದ್ದು ನೋಡಿ, ಸೀಸದ ಬಿಲ್ಲೆ ಇಲ್ಲದಿದ್ದರೆ ಮೂರರೊಳಗೆ ಎಂದು ಸೇರಿಸಿ ನಕ್ಕಳು.

ಹಳೇಬೀಡಿನಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಎಡಗಡೆಯಿಂದಲೇ ಹೋಗುತ್ತಿದ್ದರು. ಅರುಣ್‌ಕುಮಾರ್ ನಲವತ್ತು ಪಾಯಿಂಟ್ ಒಂದಕ್ಕೆ ಇಳಿದಿದ್ದ. ಆಗಸ್ಟ್ ಕೊನೆಯ ಭಾನುವಾರ, ಆರು ತಿಂಗಳು ಮುಗಿದ ದಿನ, ಪುಷ್ಪಲತಾ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತು ಹೆಲ್ಮೆಟ್ ತೆಗೆದುಕೊಂಡಳು. ಗಂಗಾಧರಯ್ಯನವರು ಚೆನ್ನಾಗಿದ್ದೀರಾ ಎಂದರು. ಸಿರಿ ಅವಳ ಮುಂದಿನ ಕಾರ್ಟಿನಲ್ಲಿ ಕೂತು ಎಂಜಿನ್ನು ಚಾಲೂ ಮಾಡಿಸಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟಳು. ಪುಷ್ಪಲತಾ ಅವಳ ಹಿಂದೆ ಹೊರಟಳು.